ಡಬ್ಬಿಯೊಳಗಿನ ಎರಡು ಟಿಕಳಿ

ಕೊರೋನಾ ಹೋಗಿ, ಜನ ಮಾಸ್ಕು ಮರೆತ ಮೊದಲ ದೀಪಾವಳಿ ಅದು. ಹಬ್ಬ ಮುಗಿದಿತ್ತು, ಬಾಗಿಲಿಗೆ ಕಟ್ಟಿದ್ದ ಆಕಾಶಬುಟ್ಟಿಯನ್ನು ಇನ್ನೂ ಇಳಿಸಿರಲಿಲ್ಲ. ಬೆಳಿಗ್ಗೆ ಸ್ಕೂಟರ್ ಹೊರಗೆ ತೆಗೆಯಲು ಗೇಟಿನ ಚಿಲಕಕ್ಕೆ ಬಗ್ಗಿದ ನನ್ನ ಯಜಮಾನರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಊಟದ ಡಬ್ಬಿಯ ಚೀಲ ಸ್ಕೂಟರಿನ ಕೊಕ್ಕೆಯಲ್ಲಿ ತೂಗಾಡುತ್ತಲೇ ಇತ್ತು.

ಅವರು ಊರಿನ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಕ್ಯಾನ್ಸರ್ ರೋಗಿಗಳಿಗೆ ಕರೆಂಟ್, ಅಂದರೆ ವಿಕಿರಣ, ಕೊಡುತ್ತಾರಲ್ಲ, ಆ ವಿಭಾಗದಲ್ಲಿ ಯುನಿಕ್ಸ್ ಎಂಬ ತಂತ್ರಾಂಶದ ಮೇಲೆ ನಡೆಯುವ ಒಂದು ಹಳೆಯ ಸರ್ವರ್ ಇತ್ತು. ಯಾರಿಗೆ ಎಲ್ಲಿ, ಯಾವ ಕೋನದಿಂದ, ಎಷ್ಟು ಕಿರಣ ಬಿಡಬೇಕು ಎಂಬ ಲೆಕ್ಕವೆಲ್ಲ ಅದರದ್ದೇ. ಅದು ನಿಂತರೆ ಕರೆಂಟೂ ನಿಂತಂತೆ. ಮಾಡಿದ ಕಂಪನಿ ಅದರ ಕೈ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದು ಕೆಟ್ಟರೆ ಹೊಸದಾಗಿ ಎಲ್ಲವನ್ನೂ ತುಂಬಿ ಎಬ್ಬಿಸಲು ವಾರಗಟ್ಟಲೆ ಬೇಕು. ಹಾಗಾಗಿ ನಮ್ಮವರು ಅದನ್ನು ಎಬ್ಬಿಸುವ ಡಿಸ್ಕನ್ನು ಇದ್ದದ್ದು ಇದ್ದಂತೆ ಬೇರೆ ಡಿಸ್ಕಿಗೆ ನಕಲು ಮಾಡಿ, ಒಮ್ಮೆ ಹಾಕಿ ನೋಡಿ, ತೆಗೆದಿಡುತ್ತಿದ್ದರು. ಕೆಟ್ಟದ್ದನ್ನು ಕಳಚಿ ನಕಲನ್ನು ಸಿಕ್ಕಿಸಿದರೆ ಚಹಾ ಕುಡಿದು ಬರುವಷ್ಟರಲ್ಲಿ ಸರ್ವರ್ ಎದ್ದು ಕೂಡುತ್ತಿತ್ತು. ರೋಗಿಗಳ ಲೆಕ್ಕ ಬೇರೆ ಡಿಸ್ಕಿನಲ್ಲಿ ಇರುತ್ತಿದ್ದುದರಿಂದ ಅದಕ್ಕೇನೂ ಆಗುತ್ತಿರಲಿಲ್ಲ.

"ಮುದುಕ ಆಗ್ಯಾನ ಅಂವ. ಬಿದ್ರ ಎಬ್ಬಸಾಕ ತಯಾರಿ ಇರಬೇಕಲಾ," ಅನ್ನುತ್ತಿದ್ದರು.

ನಕಲಿನ ಡಿಸ್ಕುಗಳು ಮನೆಯಲ್ಲೇ, ಬೇಕರಿಯ ಒಂದು ತಗಡಿನ ಡಬ್ಬಿಯಲ್ಲಿರುತ್ತಿದ್ದವು. ಆಸ್ಪತ್ರೆಯಲ್ಲೇ ಬೆಂಕಿ ಬಿದ್ದರೆ ಎಂಬ ಮುಂಜಾಗ್ರತೆ. ಅಂಗೈಯಷ್ಟು ದೊಡ್ಡ, ಇಟ್ಟಿಗೆಯಷ್ಟು ಭಾರದ ಮೂರು ಡಿಸ್ಕು, ನೋಡಲು ಎಲ್ಲ ಒಂದೇ. ಚೀಟಿ ಹಚ್ಚಿದರೆ ಬಿಸಿಗೆ ಉದುರುತ್ತದೆ ಎಂದು, ನಾನು ಹಣೆಗೆ ಹಚ್ಚಿಕೊಳ್ಳುವ ಪಾಕೀಟಿನಿಂದ ಕೆಂಪು ಟಿಕಳಿ ಇಸಿದುಕೊಂಡು ಅಂಟಿಸಿದ್ದರು. ಟಿಕಳಿ ಇದ್ದರೆ ತುಂಬಿದ್ದು, ಮುಟ್ಟುವಂತಿಲ್ಲ. ಇಲ್ಲದ್ದು ಖಾಲಿ, ಹೇಗೆ ಬೇಕಾದರೂ ಬಳಸಬಹುದು. ಅವರ ಜೊತೆ ಕೆಲಸ ಮಾಡುತ್ತಿದ್ದ ಹಳೇ ಹುಬ್ಬಳ್ಳಿಯ ಇಕ್ಬಾಲ್ ಭಾಯಿಗೂ ಈ ಗುರುತು ಗೊತ್ತಿತ್ತು. "ವೈನಿ, ನಿಮ್ಮ ಟಿಕಳಿ ಮ್ಯಾಲೆ ನಮ್ಮ ಆಸ್ಪತ್ರಿ ನಿಂತೈತ್ರಿ," ಎಂದು ಅತ್ತಿಗೆಯೆಂಬ ಸಲುಗೆಯಲ್ಲಿ ನಗುತ್ತಿದ್ದರು.

ಮಣ್ಣು ಮಾಡಿ ಬಂದ ದಿನ ನಮ್ಮವರ ಸೋದರತ್ತೆ ಗಂಗವ್ವ ನನ್ನ ಹಣೆ ಒರೆಸಿದರು. ನಮ್ಮ ಧರ್ಮದಲ್ಲಿ ಹೀಗೆ ಮಾಡಬೇಕಿಲ್ಲ ಎಂದು ಸ್ವಾಮಿಗಳೆಲ್ಲ ಹೇಳುತ್ತಾರೆ. ಆದರೆ ಮನೆಯಲ್ಲಿ ಸ್ವಾಮಿಗಳ ಮಾತಿಗಿಂತ ಅತ್ತೆಯಂದಿರ ಮಾತು ನಡೆಯುತ್ತದೆ. ಚಿಕ್ಕಂದಿನಲ್ಲಿ ನಾನು ಕಾನ್ವೆಂಟ್ ಶಾಲೆಗೆ ಟಿಕಳಿ ಹಚ್ಚಿಕೊಂಡು ಹೋದರೆ ಸಿಸ್ಟರ್ ಹೀಗೆಯೇ ಕರವಸ್ತ್ರದಿಂದ ಒರೆಸುತ್ತಿದ್ದರು. ಅತ್ತೆ ಹಣೆಗೇ ನಿಲ್ಲಲಿಲ್ಲ. ಬಚ್ಚಲ ಕನ್ನಡಿಗೆ, ಕಪಾಟಿನ ಬಾಗಿಲಿಗೆ ನಾನು ಅಂಟಿಸಿದ್ದ ಟಿಕಳಿಗಳನ್ನೆಲ್ಲ ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆದರು. ಕರ್ ಕರ್ ಎನ್ನುವ ಆ ಸದ್ದು ನನಗೆ ಮಲಗಿದಲ್ಲಿಗೇ ಕೇಳುತ್ತಿತ್ತು.

ಸತ್ತವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆ ಮುಗಿದಿತ್ತಷ್ಟೇ, ಇಕ್ಬಾಲ್ ಭಾಯಿ ಬಂದರು. ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ನಿಂತರು. "ಸರ್ವರ್ ಬಿದ್ದೈತ್ರಿ ವೈನಿ. ಡಿಸ್ಕ್ ಬರೇ ಕಟ ಕಟ ಅನ್ನಾಕತ್ತೈತಿ. ಸಾಹೇಬರು ಇಟ್ಟ ಡಬ್ಬಿ ಕೊಡ್ತೀರೇನ್ರಿ?" ನಾನು ಮುಚ್ಚಳ ತೆಗೆಯದೆ ಡಬ್ಬಿ ಕೊಟ್ಟೆ.

ಎದುರು ಮನೆಯ ಸರೋಜಕ್ಕನಿಗೆ ಆಗ ಗಂಟಲಿಗೆ ಕರೆಂಟ್ ನಡೆದಿತ್ತು, ಅದೇ ಆಸ್ಪತ್ರೆಯಲ್ಲಿ. ನಡುವೆ ತಪ್ಪಿಸಬಾರದು, ತಪ್ಪಿಸಿದರೆ ಗಡ್ಡೆ ಮತ್ತೆ ಚಿಗುರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮರುದಿನ ಅವರು ನನ್ನ ಪಕ್ಕ ಬಂದು ಕುಳಿತರು. ದನಿ ಇಂಗಿ ಪಿಸುಮಾತು ಮಾತ್ರ ಉಳಿದಿತ್ತು.

"ಇವತ್ತೂ ಇಲ್ಲ ಅಂತ ವಾಪಸ್ ಕಳಸಿದ್ರು ಶೈಲಾ. ನನ್ನ ಬಾಯಿ ಬಂದ್ ಆದದ್ದಕ್ಕ ನಮ್ಮನಿಯವರು ಖುಷಿಲೆ ಇದ್ದರು. ಈಗ ಅವರೂ ಹೆದರ್‍ಯಾರ."

ಅದಾಗಿ ಎರಡು ದಿನಕ್ಕೆ ಇಕ್ಬಾಲ್ ಭಾಯಿಯ ಫೋನ್ ಬಂತು. "ವೈನಿ, ಸಾಹೇಬರು ಬ್ಯಾರೆ ಎಲ್ಲ್ಯಾರ ಡಿಸ್ಕ್ ಇಟ್ಟಾರೇನ್ರಿ? ಡಬ್ಬ್ಯಾಗಿನ ಮೂರೂ ಖಾಲಿ ಅದಾವ. ಹ್ಯಾಂಗೂ ಖಾಲಿ ಅಂತ ಒಂದು ತಗೊಂಡು, ಕೆಟ್ಟ ಡಿಸ್ಕಿನಾಗ ಉಳದಿದ್ದನ್ನ ಅದಕ್ಕ ಇಳಿಸಿ ನೋಡಿದೆ. ಅದೂ ಏಳವಲ್ದು. ಈಗ ಎರಡನೇದ್ದಕ್ಕ ಹಚ್ಚಾಕತ್ತೇನಿ."

"ಖಾಲಿ ಅಂತ ಹೆಂಗ ಗೊತ್ತಾತ್ರಿ?"

"ಟಿಕಳಿ ಇಲ್ಲಲ್ರಿ!"

ಅವುಗಳಲ್ಲಿ ಎರಡಕ್ಕೆ ಅಂಟಿಸಲು ಪಾಕೀಟಿನಿಂದ ಟಿಕಳಿ ಬಿಡಿಸಿ ಕೊಟ್ಟವಳು ನಾನೇ. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗಂಗವ್ವತ್ತೆಯನ್ನು ಕೇಳಿದೆ. "ಅತ್ತಿ, ಅವರ ಮೇಜಿನ ಮ್ಯಾಲಿನ ಡಬ್ಬಿ ತಗದಿದ್ರೇನು?"

"ಹೂಂ ಮತ್ತ. ಅದರಾಗೂ ಎರಡು ಇದ್ದುವು. ಸತ್ತಾಂವನ ಸಾಮಾನಿನ ಮ್ಯಾಲೆ ಟಿಕಳಿ ಇರಬಾರದವ್ವಾ," ಎಂದರು, ಕಾಯಿಯಿಂದ ಕಣ್ಣು ತೆಗೆಯದೆ.

"ಇಕ್ಬಾಲ್ ಭಾಯಿ, ಯಾವುದೂ ಮುಟ್ಟಬ್ಯಾಡ್ರಿ! ನಾ ಬರಾಕತ್ತೇನಿ," ಎಂದು ಫೋನಿನಲ್ಲಿ ಕೂಗಿದೆ. "ತಿಂಗಳಾಗೂದ್ರಾಗ ಹೊಸ್ತಲಾ ದಾಟ್ತಿಯೇನು?" ಎಂದು ಅತ್ತೆ ಬಾಗಿಲಿಗೆ ಅಡ್ಡ ಬಂದರು. ಚಪ್ಪಲಿಯನ್ನೂ ಹುಡುಕದೆ ಆಟೋ ಹತ್ತಿದೆ.

ಆಸ್ಪತ್ರೆಯ ಪಡಸಾಲೆಯಲ್ಲಿ ರೋಗಿಗಳು ಸಾಲಾಗಿ ಕುಳಿತಿದ್ದರು. ಇವತ್ತಾದರೂ ಆದೀತೆಂದು ಬುತ್ತಿ ಕಟ್ಟಿಕೊಂಡು ಬಂದವರು. ಸರೋಜಕ್ಕನೂ ಅಲ್ಲಿದ್ದರು. ಒಳಗಿನ ತಣ್ಣನೆಯ ಕೋಣೆಯಲ್ಲಿ ಇಕ್ಬಾಲ್ ಭಾಯಿ ಮೂರೂ ಡಿಸ್ಕನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ನಿಂತಿದ್ದರು.

ಟಿಕಳಿ ಕೆರೆದರೂ ಅಂಟು ಹೋಗುವುದಿಲ್ಲ. ಅಲ್ಲಿ ಧೂಳು ಕೂತು ಬೂದು ಬಣ್ಣದ ಉಂಗುರವಾಗುತ್ತದೆ. ಬಚ್ಚಲ ಕನ್ನಡಿಯಲ್ಲಿ ದಿನವೂ ಅದನ್ನೇ ನೋಡುತ್ತಿದ್ದೆ. ಒಂದೊಂದೇ ಡಿಸ್ಕನ್ನು ಬೆಳಕಿಗೆ ವಾರೆ ಹಿಡಿದೆ. ಇಕ್ಬಾಲ್ ಭಾಯಿ ಬಳಸಿದ ಡಿಸ್ಕಿನ ಮೇಲೆ ಉಂಗುರವಿತ್ತು. ನಮ್ಮವರು ಮಾಡಿಟ್ಟ ಒಳ್ಳೆಯ ನಕಲು ಅಳಿಸಿ, ಅದರ ಜಾಗದಲ್ಲಿ ಹಾಳು ಡಿಸ್ಕಿನ ಕಸ ತುಂಬಿತ್ತು. ಇನ್ನೊಂದರ ಮೇಲೆ ಉಂಗುರವಿಲ್ಲ, ಅಂದರೆ ಅದೇ ಖಾಲಿ. ಉಳಿದದ್ದರ ಮೂಲೆಯಲ್ಲಿ ಮತ್ತೊಂದು ಉಂಗುರ.

"ಯಾ ಅಲ್ಲಾ," ಎಂದು ಇಕ್ಬಾಲ್ ಭಾಯಿ ತಲೆಗೆ ಕೈಯಿಟ್ಟರು. "ಇದನ್ನ ಹಚ್ಚಾಂವ ಇದ್ದೆ ವೈನಿ. ಕೇಬಲ್ ಕೈಯಾಗ ಇತ್ತು."

ಅದನ್ನು ಸಿಕ್ಕಿಸಿದರು. ಡಿಸ್ಕು ಗುಂಯ್ ಎಂದಿತು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು, ಕೊನೆಗೆ ಸರ್ವರ್ ಬಳಸುವವರ ಹೆಸರು ಕೇಳುತ್ತ ನಿಂತಿತು. ಅಲ್ಲಿ ಬರೆಯಬೇಕಿದ್ದದ್ದು ನಮ್ಮವರ ಹೆಸರು. ಇಕ್ಬಾಲ್ ಭಾಯಿ ಅಕ್ಷರಗಳನ್ನು ಒತ್ತುತ್ತ ಅಳತೊಡಗಿದರು. ಅಲ್ಲಿಯವರೆಗೆ ಅಳದಿದ್ದ ನಾನೂ ಅತ್ತುಬಿಟ್ಟೆ.

ಸರ್ವರನ್ನು ತಪಾಸಣೆ ಮಾಡಿ ಒಪ್ಪಿದ ಮೇಲೆ, ಸಂಜೆ ಮೊದಲು ಸರೋಜಕ್ಕನನ್ನೇ ಕರೆದರು. ಮುಖ ಅಲುಗಾಡದಂತೆ ಜಾಳಿಗೆಯ ಮುಖವಾಡ ಹಾಕುತ್ತಾರಾದ್ದರಿಂದ ಅವರು ದಿನವೂ ಟಿಕಳಿ ತೆಗೆದು ಮುಂಗೈಗೆ ಅಂಟಿಸಿಕೊಂಡು ಒಳಗೆ ಹೋಗುತ್ತಿದ್ದರಂತೆ. ಅಂದು ಅದನ್ನು ನನ್ನ ಬೆರಳ ತುದಿಗೆ ಅಂಟಿಸಿದರು. "ತಗೋ, ಇದನ್ನ ಹಚ್ಚು. ಇನ್ನೊಮ್ಮಿ ಗೊಂದಲ ಬ್ಯಾಡ." ಇಕ್ಬಾಲ್ ಭಾಯಿ ಖಾಲಿ ಡಿಸ್ಕಿಗೆ ಹೊಸ ನಕಲು ಇಳಿಸಿದರು. ಅದರ ಮೇಲೆ ಆ ಟಿಕಳಿಯನ್ನು ನಾನೇ ಅಂಟಿಸಿ ಒತ್ತಿದೆ.

ಮುಂದಿನ ಬೇಸಿಗೆಯಲ್ಲಿ ಸರೋಜಕ್ಕ ತೀರಿಕೊಂಡರು. ತಪ್ಪಿದ ಆ ದಿನಗಳಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. "ಹಂಗ ಹೇಳಾಕ ಬರಂಗಿಲ್ರಿ," ಎಂದರು. ಅಲ್ಲ ಎಂದು ಮಾತ್ರ ಅವರು ಹೇಳಲಿಲ್ಲ.

ಗಂಗವ್ವತ್ತೆಗೆ ಇದನ್ನು ನಾನು ಇಂದಿಗೂ ಹೇಳಿಲ್ಲ. ಅವರ ಹಣೆಯನ್ನೂ ಹಿಂದೊಮ್ಮೆ ಯಾರೋ ಹೀಗೆಯೇ ಒರೆಸಿದ್ದಾರೆ. ಆಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲವಂತೆ.

ಆ ಸರ್ವರ್ ಹೋದ ವರ್ಷ ಗುಜರಿಗೆ ಹೋಯಿತು. ಟಿಕಳಿ ಇರುವ ಡಿಸ್ಕನ್ನು ಇಕ್ಬಾಲ್ ಭಾಯಿ ತಂದುಕೊಟ್ಟರು. ಅದು ನನ್ನ ಕಪಾಟಿನಲ್ಲಿದೆ, ಬಣ್ಣ ಸ್ವಲ್ಪ ಮಾಸಿದೆ. ಬಚ್ಚಲ ಕನ್ನಡಿಯ ಉಂಗುರಗಳನ್ನು ನಾನು ಉಜ್ಜಿ ತೆಗೆದಿಲ್ಲ. ಮುಖ ತೊಳೆದು ತಲೆ ಎತ್ತಿದಾಗ ಅವುಗಳಲ್ಲೊಂದು ಸರಿಯಾಗಿ ನನ್ನ ಹಣೆಯ ನಡುವೆ ಬಂದು ನಿಲ್ಲುತ್ತದೆ.