ಬೇಲಿಯಾಚೆಗೊಂದು ಎಡೆ

ಇವತ್ತು ಮಹಾಲಯ ಅಮಾವಾಸ್ಯೆ. ಸಾಂಬ್ರಾಣಿ ಹಾಕಿದ್ದೇ ತಡ, ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳತೊಡಗಿತು. "ಹೂಸ್ಟನ್ನಲ್ಲಿ ಹಿರೀಕರು ಬಂದದ್ದು ಮೊದಲು ಇದಕ್ಕೇ ಗೊತ್ತಾಗೋದು ಕಣೇ" ಎಂದು ನಮ್ಮತ್ತೆ ಒಮ್ಮೆ ನಕ್ಕಿದ್ದರು. ಈಗ ಅವರೂ ಫೋಟೋದಲ್ಲಿದ್ದಾರೆ, ಮುಂದೆ ಅವರಿಗಿಷ್ಟದ ಕಜ್ಜಾಯ. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡುವುದು ನಮ್ಮ ಮನೆಯ ಪದ್ಧತಿ.

ಸ್ಟಾಫರ್ಡ್ ಹತ್ತಿರದ ಈ ಮನೆ ಕೊಳ್ಳುವಾಗ ವಾಸ್ತು ನೋಡಿದೆವು, ಸ್ಕೂಲು ನೋಡಿದೆವು. ಹಿತ್ತಲ ಬೇಲಿಯಾಚೆ ಏನಿದೆಯೆಂದು ಮಾತ್ರ ನೋಡಲಿಲ್ಲ, ನಮ್ಮ ಜಾಣತನಕ್ಕೆ ಬೆಂಕಿ ಬೀಳ! ಅಲ್ಲಿದ್ದದ್ದು ಸ್ಮಶಾನ. ಗುಲಾಮಗಿರಿ ರದ್ದಾದ ಮೇಲೂ ಏನೇನೋ ನೆವ ಹೇಳಿ ಕಪ್ಪು ಜನರನ್ನು ಜೈಲಿಗೆ ತಳ್ಳಿ, ಕಬ್ಬಿನ ಗದ್ದೆಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಗದ್ದೆಯಲ್ಲಿ ಸತ್ತವರನ್ನು ಅಲ್ಲೇ ಹೂತರು.

ಇದನ್ನು ನನಗೆ ಹೇಳಿದವರು ನಮ್ಮ ಬೀದಿಯ ಮಿಸ್ ಲೊರೇನ್. ಕಪ್ಪು ಜನರ ಚರಿತ್ರೆಯನ್ನು ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು. ಅವರ ಮುತ್ತಜ್ಜನೂ ಆ ಮಣ್ಣಿನಲ್ಲೇ ಎಲ್ಲೋ ಇದ್ದಾನೆ. ನಮ್ಮ ಬಡಾವಣೆಯ ಸಂಘದವರು ಅಲ್ಲೊಂದು ಫಲಕ ನೆಟ್ಟಿದ್ದರು: 'ಕಬ್ಬಿನ ಕೆಲಸಗಾರರ ವಿಶ್ರಾಂತಿಯ ತಾಣ.' ನಿಜ ಬರೆದರೆ ಮನೆಗಳ ಬೆಲೆ ಬೀಳುತ್ತದಂತೆ. ಅದನ್ನು ಬದಲಿಸಿ ಎಂದು ಮಿಸ್ ಲೊರೇನ್ ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದರು. ನನಗೋ, ಫಲಕದ ಮಾತು ಮರ್ಯಾದೆಯಾಗಿಯೇ ಇದೆ ಅನ್ನಿಸಿತ್ತು ಅನ್ನಿ.

ಅತ್ತೆ ಮೈಸೂರಿನಿಂದ ಬಂದಿದ್ದ ವರ್ಷ ನಾನು ಆ ಫಲಕವನ್ನಷ್ಟೇ ಅವರಿಗೆ ಓದಿ ಹೇಳಿದ್ದೆ. ಅಮಾವಾಸ್ಯೆಯ ದಿನ ಇಂಡಿಯನ್ ಅಂಗಡಿಯಿಂದ ಕಬ್ಬಿನ ಹಾಲು ತರಿಸಿ ಪಾಯಸ ಮಾಡಿಯೇಬಿಟ್ಟರು. "ಕಬ್ಬಿನ ಕೆಲಸದೋರು ಅಂದ್ಯಲ್ಲ, ಇಷ್ಟ ಇರತ್ತೆ. ಪಕ್ಕದಲ್ಲೇ ಇರೋರ್ನ ಬಿಟ್ಟು ನಾವು ಉಣ್ಣೋದಾ?"

ಪಾಯಸವನ್ನು ಎಲೆಗೆ ಬಡಿಸಿಕೊಂಡು ಇಬ್ಬರೂ ಬೇಲಿಯಾಚೆ ಹೋದೆವು. ಸಮಾಧಿಗಳ ನಡುವೆ ಹುಲ್ಲು ಕೀಳುತ್ತಿದ್ದ ಮಿಸ್ ಲೊರೇನ್ ಎಲೆಯ ಮೇಲಿದ್ದದ್ದು ಏನೆಂದು ಕೇಳಿದರು. ಹೇಳಿದೆ. ಅವರ ಮುಖ ಬಿಗಿಯಾಯಿತು.

"ಕೆಲಸಗಾರರು ಸಂಜೆ ಮನೆಗೆ ಹೋಗ್ತಾರೆ. ಇವರನ್ನ ಹೋಗೋಕೆ ಬಿಡಲಿಲ್ಲ. ಈ ಕಬ್ಬೇ ಇವರನ್ನ ಕೊಂದಿದ್ದು."

ಅದನ್ನು ಅತ್ತೆಗೆ ಕನ್ನಡ ಮಾಡಿ ಹೇಳಿದೆ, ಇವರ ಮುತ್ತಜ್ಜನೂ ಇಲ್ಲೇ ಇದ್ದಾನೆಂದು ಸೇರಿಸಿದೆ. ಅತ್ತೆ "ಅಯ್ಯೋ ಶಿವನೇ, ಎಂಥ ಕೆಲಸ ಮಾಡ್ದೆ" ಎಂದು ಎಲೆಯನ್ನು ಹಿಂದಕ್ಕೆಳೆದುಕೊಂಡು ಅಲ್ಲೇ ಕುಸಿದು ಅತ್ತರು. ಕಣ್ಣೊರೆಸಿಕೊಂಡು, "ನಿಮ್ಮ ಮುತ್ತಜ್ಜನಿಗೆ ಏನಿಷ್ಟ ಇತ್ತು ಅಂತ ಕೇಳೇ" ಅಂದರು.

"ಗೊತ್ತಿಲ್ಲ" ಅಂದರು ಮಿಸ್ ಲೊರೇನ್, ಅತ್ತೆಯ ಪಕ್ಕ ಕೂರುತ್ತ. "ಅದನ್ನೂ ನಮ್ಮಿಂದ ಕಿತ್ಕೊಂಡ್ರು."

ಆ ಸಲ ಬರಿ ಅನ್ನ, ನೀರು ಇಟ್ಟು ಬಂದೆವು. ಇವತ್ತೂ ಒಂದು ಎಲೆಯಲ್ಲಿ ಅಷ್ಟನ್ನೇ ಇಟ್ಟಿದ್ದೇನೆ. ಫಲಕ ಇನ್ನೂ ಹಾಗೇ ಇದೆ. ಸಂಜೆ ಸಂಘದ ಮೀಟಿಂಗು. ಮಿಸ್ ಲೊರೇನ್ ಮತ್ತೆ ಕೇಳಲಿದ್ದಾರೆ, ಈ ಸಲ ಅವರ ಜೊತೆ ನಾನೂ ಎದ್ದು ನಿಲ್ಲುತ್ತೇನೆ.

"ಅಮ್ಮ, ಇಸ್ ದಿಸ್ ಫಾರ್ ದ ವರ್ಕರ್ಸ್?" ಎಂದಳು ಮಗಳು.

"ಅಲ್ಲ ಪುಟ್ಟಿ" ಅಂದೆ. "ಯಾರನ್ನ ಮನೆಗೆ ಹೋಗೋಕೆ ಬಿಡಲಿಲ್ವೋ, ಅವರಿಗೆ."