ಅಜ್ಜಿ ಕೇಳಿದ ನುಡಿ

ಐವತ್ತೇಳರ ಫ್ಲೂ ಮಂಗಳೂರಿಗೆ ಕಾಲಿಟ್ಟಾಗ ನಾನು ಕಾಲೇಜು ಸೇರಿ ತಿಂಗಳೂ ಆಗಿರಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಜ್ವರ ಬಂದವರಿಗಿಂತ ಜ್ವರ ಬಂದೀತೆಂದು ಹೆದರಿದವರೇ ಹೆಚ್ಚು. ಪಾಠಗಳು ನಿಂತುಹೋಗಿದ್ದವು, ಪರೀಕ್ಷೆ ಮಾತ್ರ ನಿಲ್ಲುವ ಲಕ್ಷಣವಿರಲಿಲ್ಲ. ಊರಿನ ಶಾಲೆಯಲ್ಲಿ ಕನ್ನಡದಲ್ಲೇ ಕಲಿತು ಬಂದ ನನಗೆ ಇಂಗ್ಲಿಷಿನ ರಸಾಯನಶಾಸ್ತ್ರವೆಂದರೆ ಆರೋಗ್ಯ ನೆಟ್ಟಗಿದ್ದಾಗಲೇ ಎದೆ ಡವಗುಟ್ಟುತ್ತಿತ್ತು. ಕೊನೆಗೆ ಕಾಲೇಜಿಗೆ ಬಾಗಿಲು ಹಾಕಿ ನಮ್ಮನ್ನೆಲ್ಲ ಊರಿಗೆ ಅಟ್ಟಿದರು.

ಹೊರಡುವ ದಿನ ವಾರ್ಡನ್ ಒಂದು ಉಪಾಯ ಹೇಳಿಕೊಟ್ಟರು. ಬೆಳಿಗ್ಗೆ ಎದ್ದು ಕಣ್ಣುಮುಚ್ಚಿ ಕೂರಬೇಕು, ಉಸಿರು ಬರುವುದನ್ನೂ ಹೋಗುವುದನ್ನೂ ಸುಮ್ಮನೆ ನೋಡುತ್ತಿರಬೇಕು, ಏನೇ ಆದರೂ ನಡುವೆ ಕಣ್ಣು ಬಿಡಬಾರದು. ಹೆದರಿಕೆ ತಾನಾಗಿ ಇಳಿಯುತ್ತದೆ ಎಂದರು. ನಾನು ಹೂಂಗುಟ್ಟಿ ಬೆಳ್ಳಾರೆಯ ಬಸ್ಸು ಹತ್ತಿದೆ.

ಮನೆಗೆ ಬಂದರೆ ಅಪ್ಪ ನನ್ನ ಟ್ರಂಕನ್ನು ಅಟ್ಟಕ್ಕೇರಿಸಿಬಿಟ್ಟರು. ಕಾಲೇಜು ತೆರೆದರೂ ಇನ್ನು ಹೋಗುವುದು ಬೇಡ ಎಂದು ಒಂದೇ ಮಾತು. ಅವರು ಚಿಕ್ಕವರಿದ್ದಾಗ ಬಂದ ಹಿಂದಿನ ಮಹಾಜ್ವರದಲ್ಲಿ ಅವರ ಅಣ್ಣ ತೀರಿಕೊಂಡಿದ್ದರು. ಹಾಗಾಗಿ ಅವರೊಡನೆ ವಾದಿಸುವ ಧೈರ್ಯ ಯಾರಿಗೂ ಇರಲಿಲ್ಲ. ನನಗೋ ಓದಬೇಕೆಂಬ ಹಟ, ಓದಲಾಗದೆಂಬ ಭಯ, ಎರಡೂ ಒಟ್ಟಿಗೇ. ರಾತ್ರಿ ನಿದ್ದೆ ಹತ್ತದು, ಹಗಲು ಪುಸ್ತಕ ಹತ್ತದು. ವಾರ್ಡನರ ಉಪಾಯವನ್ನಾದರೂ ನೋಡಿಬಿಡೋಣ ಎಂದುಕೊಂಡೆ.

ಆದರೆ ಕೂರುವುದೆಲ್ಲಿ? ಮನೆತುಂಬ ಜನ, ಮಕ್ಕಳು, ಗಲಾಟೆ. ಗಲಾಟೆ ಇಲ್ಲದ್ದು ಒಂದೇ ಜಾಗ, ಚಾವಡಿಯಲ್ಲಿ ನಮ್ಮ ಮನೆದೈವವನ್ನು ನೆಲೆಗೊಳಿಸಿದ ಮಂಚದ ಎದುರು. ಎರಡು ದಿನ ಯಾರೂ ಏಳುವ ಮೊದಲೇ ಅಲ್ಲಿ ಕೂತು ಬಂದೆ. ಮೂರನೆಯ ದಿನ ಕೂತ ಸ್ವಲ್ಪ ಹೊತ್ತಿಗೆ ಮೈಯೆಲ್ಲ ನಡುಗತೊಡಗಿತು, ಹಲ್ಲು ಕಟಕಟ ಎಂದವು. ಫ್ಲೂ ನನಗಿಂತ ಒಂದು ಬಸ್ಸು ತಡವಾಗಿ ಊರಿಗೆ ಬಂದಿತ್ತು, ಅಷ್ಟೇ. ಇದೂ ಧ್ಯಾನದ ಒಂದು ಹಂತವಿರಬೇಕೆಂದು ಭಾವಿಸಿ ನಾನು ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ.

ನಮ್ಮ ಸೀಮೆಯಲ್ಲಿ ದೈವದ ಮಂಚದ ಎದುರು ಕಣ್ಣುಮುಚ್ಚಿ ನಡುಗುತ್ತ ಕೂತವನನ್ನು ಕಂಡರೆ ಯಾರೂ ಥರ್ಮಾಮೀಟರ್ ಹುಡುಕುವುದಿಲ್ಲ. ಅಮ್ಮ ನೋಡಿದವರೇ, ಮಗನಿಗೆ ದರ್ಶನ ಬಂದಿದೆ, ಮೈಮೇಲೆ ದೈವ ಇಳಿದಿದೆ ಎಂದು ಕೂಗಿದರು. ಅಪ್ಪ ಅಂಗಳದಿಂದ ಓಡಿಬಂದು, ಹೆಗಲ ಬೈರಾಸು ಬಟ್ಟೆಯನ್ನು ಸೊಂಟಕ್ಕೆ ಬಿಗಿದು ಕೈಮುಗಿದು ನಿಂತರಂತೆ. ಅಜ್ಜಿ ದೀಪ ಹಚ್ಚಿದರು, ಅಡಿಕೆಯ ಹಿಂಗಾರದ ಹೂ ತರಿಸಿದರು, ನನ್ನ ಹಣೆಗೆ ಹೆಬ್ಬೆರಳಿನಿಂದ ಗಂಧ ಒತ್ತಿದರು. ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಇಷ್ಟೆಲ್ಲ ಮರ್ಯಾದೆಯಾದ ಮೇಲೆ ಕಣ್ಣು ಬಿಡುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಆಗ ಅಜ್ಜಿಯ ಸ್ವರ ಕೇಳಿತು. "ಒಂದು ನುಡಿ ಕೊಡಬೇಕು ಸ್ವಾಮಿ. ಈ ಹುಡುಗನನ್ನು ವಾಪಸು ಕಾಲೇಜಿಗೆ ಕಳಿಸುದಾ, ಬೇಡವಾ?"

ನಡುಕವೇ ನಿಂತುಹೋಯಿತು. ದೈವದ ನುಡಿಗೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ. 'ಕಳಿಸು' ಎಂದು ಗದರಿದರೆ ಸಾಕು, ಅಪ್ಪ ತಾವೇ ಟ್ರಂಕು ಹೊತ್ತು ಬಸ್ಸಿಗೆ ಬಿಡುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ರಸಾಯನಶಾಸ್ತ್ರಕ್ಕಿಂತ ದೈವದ ಭಯ ನನಗೆ ದೊಡ್ಡದು. ಕಣ್ಣು ಬಿಟ್ಟೆ. "ಅಜ್ಜಿ, ಇದು ನಾನೇ. ಜ್ವರ ಬಂದದ್ದು" ಎಂದೆ.

ಮೊದಲು ಅಮ್ಮ ನಕ್ಕರು. ಆಮೇಲೆ ಅಪ್ಪ ಹೊಸ್ತಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಊರಿಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿ ಮಾತ್ರ ನಗಲಿಲ್ಲ. ಕಂಬಳಿ ಹೊದೆಸುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಹಣೆ ಮುಟ್ಟಿದಾಗಲೇ ನನಗೆ ಗೊತ್ತಾಗಿದೆ ಮಾರಾಯ. ಒಂದು ಮಾತು ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು? ದೈವಕ್ಕೆ ತಪ್ಪುಕಾಣಿಕೆ ನಾನು ಹಾಕ್ತಿದ್ದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಅಜ್ಜಿಯ ಮೇಲಲ್ಲ, ನನ್ನ ಮೇಲೆಯೇ. ಜ್ವರ ಇಳಿಯುವವರೆಗೂ ಮೈ ಪರಚಿಕೊಳ್ಳುತ್ತ ಬಿದ್ದಿದ್ದೆ.

ಜ್ವರ ಬಿಟ್ಟ ದಿನ ಗಂಜಿಯನ್ನು ಅಪ್ಪನೇ ತಂದುಕೊಟ್ಟರು. ನಾನು ಉಂಡು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದರು.

"ದೈವ ಹೇಳಿದ್ದರೆ ಕಳಿಸ್ತಿದ್ದೆ. ಹೇಳ್ಲಿಕ್ಕೆ ನೀನೇ ಬಿಡ್ಲಿಲ್ಲ" ಎಂದರು. "ಈಗ ನೀನು ಹೇಳು. ನಿನಗೆ ಎಂತ ಬೇಕು?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಶಾಲೆ, ಕಾಲೇಜು, ಕೊನೆಗೆ ತಲೆಯ ಕ್ರಾಪು ಕೂಡ ಹಿರಿಯರು ಹೇಳಿದ ಹಾಗೆ. ಹೆದರಿಕೆಯೇನೋ ಇಳಿದಿರಲಿಲ್ಲ.

"ಹೋಗಬೇಕು ಅಪ್ಪ" ಎಂದೆ.

ಅವರು ನನ್ನ ಹಣೆ ಮುಟ್ಟಿ ನೋಡಿದರು.

"ಹೋಗು. ಕೆಮ್ಮು ಶುರುವಾದ ಕೂಡಲೇ ಬಸ್ಸು ಹತ್ತಿ ಬರ್ಬೇಕು. ಪರೀಕ್ಷೆ ಉಂಟು ಅಂತ ಅಲ್ಲೇ ಕೂತ್ಕೊಳ್ಬೇಡ" ಎಂದು ಹೇಳಿ, ಬಟ್ಟಲು ತೆಗೆದುಕೊಂಡು ಒಳಗೆ ಹೋದವರು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ.