ಫೋಟೊದಾಗಿನ ಎರಡನೇ ಎತ್ತು

ಇಂಡಿ ಪೇಟೆಯಲ್ಲಿ ನನ್ನ ಫೋಟೊ ಸ್ಟುಡಿಯೊ ಮತ್ತು ಬ್ಯಾನರ್ ಅಂಗಡಿ ಶುರುವಾದಾಗಿನಿಂದ ಈ ಸೀಮೆಯ ಯಾವ ಮುಖಂಡನಿಗೂ ವಯಸ್ಸಾಗಿಲ್ಲ. ಹುಟ್ಟುಹಬ್ಬದ ಬ್ಯಾನರಿಗೆ ಬಂದ ಮುಖಗಳ ಸುಕ್ಕು ತೆಗೆದಿದ್ದೇನೆ, ಬೋಳುತಲೆಗೆ ಕೂದಲು ಕೊಟ್ಟಿದ್ದೇನೆ, ಹನ್ನೊಂದು ಮಂದಿ ಅಭಿಮಾನಿಗಳನ್ನು ನಕಲು ಮಾಡಿ ಮಾಡಿ ಮೈದಾನ ತುಂಬಿಸಿದ್ದೇನೆ. ಒಬ್ಬನೇ ಮನುಷ್ಯ ನಾಲ್ಕು ಕಡೆ ನಿಂತು ಚಪ್ಪಾಳೆ ತಟ್ಟುತ್ತಿರುತ್ತಾನೆ. ಅವನ ಹೆಂಡತಿಯೊಬ್ಬಳನ್ನು ಬಿಟ್ಟರೆ ಇದುವರೆಗೆ ಯಾರೂ ಗುರುತು ಹಿಡಿದಿಲ್ಲ.

ಮದುವೆ ಫೋಟೊದ ಮಾತು ಬೇರೆ. ಅಲ್ಲಿ ನನಗೊಂದು ನೇಮ ಇದೆ. ಹೊಸದಾಗಿ ಈ ದಂಧೆಗೆ ಇಳಿಯುವವರಿಗೆ ಪುಕ್ಕಟೆ ಹೇಳುತ್ತೇನೆ, ಬರೆದುಕೊಳ್ಳಿ: ಮೊಡವೆ ತೆಗೆಯಿರಿ, ಮಚ್ಚೆ ತೆಗೆಯಬೇಡಿ. ಮೊಡವೆ ಎಂಟು ದಿನಕ್ಕೆ ತಾನೇ ಹೋಗುವಂಥದ್ದು, ನೀವು ಸ್ವಲ್ಪ ಮೊದಲೇ ಕಳಿಸಿದಿರಿ, ಅಷ್ಟೆ. ಮಚ್ಚೆ ಹುಡುಗಿಯ ಜೊತೆ ಬೀಗರ ಮನೆಗೂ ಹೋಗುತ್ತದೆ. ಮುಖಂಡರಿಗೆ ಈ ನೇಮ ಲಾಗೂ ಇಲ್ಲ, ಯಾಕೆಂದರೆ ಬ್ಯಾನರ್ ನೋಡಿ ಯಾರೂ ಅವರನ್ನು ಮನೆಗೆ ಒಯ್ಯುವುದಿಲ್ಲ.

ಎತ್ತನ್ನು ಮನೆಗೆ ಒಯ್ಯುತ್ತಾರೆ. ಅದು ನನಗೆ ಹೊಳೆಯಲಿಲ್ಲ.

ನಮ್ಮ ಸೋದರಮಾವನ ಊರು ಅಗರಖೇಡದ ಹತ್ತಿರ. ಅವನಿಗೆ ಮೊಣಕಾಲು ಸವೆದು ಹೊಲದ ಕೆಲಸ ನಿಂತಿತ್ತು. ಇಬ್ಬರು ಮಕ್ಕಳೂ ಅಲ್ಲೇ ಇದ್ದರು, ಆದರೆ ಟ್ರ್ಯಾಕ್ಟರ್ ಬಿಟ್ಟು ಇಳಿಯುವವರಲ್ಲ. ಉಳಿದದ್ದು ಖಿಲಾರಿ ತಳಿಯ ಎರಡು ಎತ್ತು. ಕರುಗಳಿದ್ದಾಗಿನಿಂದ ಒಂದೇ ಗೂಟದ ಬದಿಗೆ ಬೆಳೆದ ಜೋಡಿ.

"ಅಳಿಯಾ, ಫೋನಿನ್ಯಾಗ ಹಾಕಿ ಎಲ್ಲಾ ಮಾರ್ತೀಯಂತಲ್ಲ, ಇವನ್ನೂ ಮಾರಿ ಕೊಡು. ಆದರ ಜೋಡಿ ಒಡೀಬಾರ್ದು. ಎರಡೂ ಒಂದ ಮನಿಗೆ ಹೋಗಬೇಕು, ದುಡಿಯಾಕ ಹೋಗಬೇಕು," ಅಂದ. ಅವನು ಕೇಳಿದ್ದು ಅದೊಂದೇ. ರೇಟಿನ ಮಾತು ಎತ್ತಲೇ ಇಲ್ಲ.

"ಅದೇನು ದೊಡ್ಡ ಕೆಲಸ ಮಾವಾ," ಅಂದೆ. ನಿಂಬೆಹಣ್ಣಿನ ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತ ವ್ಯಾಪಾರ ಕಲಿತವನು ನಾನು. ಒಳ್ಳೆಯ ಕಾಯಿ ಚೀಲದ ಬಾಯಿಗೆ ಇರಬೇಕು ಅನ್ನುವುದು ನನ್ನ ಮೊದಲನೇ ಪಾಠ.

ಎಡಕ್ಕೆ ಹೂಡುವ ಎತ್ತು ಹುಟ್ಟಾ ಮದುಮಗ. ಕ್ಯಾಮೆರಾ ಕಂಡ ಕೂಡಲೇ ಕತ್ತೆತ್ತಿ ನಿಂತಿತು. ಬಲದ್ದಕ್ಕೆ ಒಂದು ಕೋಡಿನ ತುದಿ ಮುರಿದಿತ್ತು, ಎಂದೋ ಚಕ್ಕಡಿಯ ಗಾಲಿಗೆ ಸಿಕ್ಕು ಮುರಿದದ್ದು. ಅದು ನನಗೆ ಬೆನ್ನು ತೋರಿಸಿ ನಿಂತಿತು, ಸುತ್ತು ಹಾಕಿ ಎದುರಿಗೆ ಹೋದರೆ ಕೂತುಬಿಟ್ಟಿತು.

"ನಿನ್ನ ಮಾರಿ ನೋಡೂದು ಬ್ಯಾಡಂತ ಅದಕ್ಕ," ಅಂದಳು ನಮ್ಮತ್ತೆ, ಹೊಸ್ತಿಲ ಮೇಲೆ ಕೂತು ಕಡಲೆ ಸೋಸುತ್ತ.

"ಚಿಂತಿಲ್ಲ ಬಿಡ್ರಿ. ಅದನ್ನ ನಾ ಅಂಗಡ್ಯಾಗ ನಿಲ್ಲಸ್ತೇನಿ."

ನಿಲ್ಲಿಸಿದೆ. ಎಡಗಡೆಯ ಎತ್ತನ್ನು ಕತ್ತರಿಸಿ, ತಿರುವಿ, ಬಲಗಡೆ ಕೂಡಿಸಿದೆ. ಕನ್ನಡಿ ಹಿಡಿದ ಹಾಗೆ ಜೋಡಿ ತಯಾರಾಯಿತು. ಹಿಂದೆ ಹಸಿರು ಜೋಳದ ಹೊಲ ಹಾಸಿದೆ. ಹಳದಿ ಅಕ್ಷರದಲ್ಲಿ 'ಒಂದೇ ಅಚ್ಚಿನ ಜೋಡಿ' ಎಂದು ಬರೆದೆ, ಹಳದಿಗೆ ಕೆಂಪು ಅಂಚು. ಕೆಂಪು ಅಂಚಿನ ಹಳದಿಗೆ ಕಣ್ಣು ನಿಲ್ಲುತ್ತದೆ, ಇದನ್ನೂ ಬರೆದುಕೊಳ್ಳಿ.

ಫೋಟೊ ಸಿಂದಗಿ ದಾಟಿ, ಬಸವನ ಬಾಗೇವಾಡಿ ದಾಟಿ, ವಾಟ್ಸಾಪಿನ ರೈತರ ಗುಂಪುಗಳಲ್ಲಿ ಓಡಾಡಿತು. ಮೂರನೇ ದಿನ ಮುದ್ದೇಬಿಹಾಳದ ಕಡೆಯವನೊಬ್ಬ ಬಸ್ಸು ಬದಲಿಸಿ ಬದಲಿಸಿ ಮಾವನ ಮನೆಗೇ ಬಂದ. ವ್ಯಾಪಾರ ಕುದುರಿಸಲಿಕ್ಕೆ ನಾನೂ ಅಲ್ಲಿಗೆ ಹೋಗಿದ್ದೆ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಬಂದವನು ನೀರು ಕುಡಿದು, ಎತ್ತು ನೋಡಿ, ಫೋನು ನೋಡಿ, ಮತ್ತೆ ಎತ್ತು ನೋಡಿದ.

"ಅಣ್ಣಾರ, ಇದು ಐತಿ. ಇನ್ನೊಂದು ಎಲ್ಲೈತ್ರಿ?"

"ಇದ ರೀ ಅದು," ಅಂದೆ, ಮುರಿದ ಕೋಡಿನದನ್ನು ತೋರಿಸಿ.

ಅವನು ಫೋಟೊವನ್ನು ಎರಡು ಬೆರಳಿಂದ ದೊಡ್ಡದು ಮಾಡಿದ. "ಇಲ್ಲಿ ಒಂದರ ಸುಳಿ ಎಡಕ್ಕ ತಿರಗೇತಿ, ಇನ್ನೊಂದರದು ಬಲಕ್ಕ. ಎರಡೂ ಒಂದ ಸಲ ಬಾಲ ಎತ್ಯಾವ. ಒಂದೊಂದರ ಮೂಗಿನ ಮ್ಯಾಲೂ ಒಂದೊಂದು ನೊಣ ಕುಂತೈತಿ. ನೊಣಾನೂ ಜೋಡಿ ಮಾರ್ತೀರೇನ್ರಿ?"

ಅತ್ತೆ ಒಳಗೆ ಹೋಗಿ ನಕ್ಕಳು. ಒಳಗೆ ಹೋದದ್ದು ದೊಡ್ಡದಾಗಿ ನಗಲಿಕ್ಕೆ.

"ಫೋಟೊ ಅಂದಮ್ಯಾಲ ಸ್ವಲ್ಪ ಚಂದ ಮಾಡ್ತಾರಲ್ರಿ," ಅಂದೆ.

"ಮೈ ತೊಳದ್ರ ಚಂದ ಮಾಡಿದಂಗ. ಕೋಡಿಗೆ ಎಣ್ಣಿ ಹಚ್ಚಿದ್ರ ಚಂದ ಮಾಡಿದಂಗ. ನೀವು ಒಂದು ಎತ್ತನ್ನ ಇಲ್ಲದಂಗ ಮಾಡೀರಿ. ದರಾನ ಟವೆಲ್ ಕೆಳಗ ಮುಚ್ಚಿ, ಬೆರಳು ಹಿಡದು ಮಾತಾಡೂದು ನಮ್ಮ ರೂಢಿ, ಎತ್ತನ್ನ ಬಿಸಿಲಾಗ ನಿಲ್ಲಸೂದು ರೂಢಿ. ನೀವು ಎತ್ತನ್ನ ಟವೆಲ್ ಕೆಳಗ ಇಟ್ಟೀರಿ."

ಆಮೇಲೆ ಅವನು ಮಾಡಿದ ತಪಾಸಣೆ ಕೋರ್ಟಿನಲ್ಲೂ ಆಗಲಿಕ್ಕಿಲ್ಲ. ಹಲ್ಲು ಮೂರು ಸಲ ನೋಡಿದ. ಗೊರಸು ಎತ್ತಿಸಿದ. ಹೆಗಲಿಗೆ ಬಣ್ಣ ಬಳಿದಿದ್ದೇನೆಯೋ ಎಂದು ಉಗುರಿನಿಂದ ಕೆರೆದ. ಒಂದು ಸುಳ್ಳು ಹತ್ತು ಸತ್ಯಗಳಿಗೆ ಸಾಕ್ಷಿ ಕೇಳುತ್ತದೆ, ಅದನ್ನು ಆವತ್ತು ಕಣ್ಣಾರೆ ಕಂಡೆ.

ಕೊನೆಗೆ ಎದ್ದು ಮಾವನಿಗೆ ಹೇಳಿದ, "ಕಾಕಾ, ಫೋಟೊದಾಗ ಇದ್ದದ್ದು ಒಂದ. ಆ ಒಂದನ್ನ ಒಯ್ತೇನಿ."

ಮಾವ ನನ್ನ ಕಡೆ ನೋಡಿದ, ಬೈಯಲಿಲ್ಲ. "ಜೋಡಿ ಒಡಿಯೂದಿಲ್ಲಪಾ, ಚಾ ಕುಡುದು ಹೋಗು," ಅಂದ. ಬೈದಿದ್ದರೆ ಚಲೋ ಇತ್ತು. ಮುರಿದ ಕೋಡಿನ ಎತ್ತನ್ನು ಒಂಟಿಯಾಗಿ ಯಾರು ಕೇಳುತ್ತಾರೆ? ಕೇಳಿದರೂ ದುಡಿಸಲಿಕ್ಕೆ ಕೇಳುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬಂದ ಗಿರಾಕಿ ಚೀಲ ಹೆಗಲಿಗೆ ಹಾಕಿದಾಗ ಸುಮ್ಮನೆ ಬಿಡುವವನು ವ್ಯಾಪಾರಿ ಅಲ್ಲ. "ಅಣ್ಣಾರ, ಬಸ್ಸಿಗೆ ಇನ್ನೂ ಹೊತ್ತೈತಿ. ನನ್ನ ಮಾತು ನಂಬಬ್ಯಾಡ್ರಿ, ನನ್ನ ಫೋಟೊ ಅಂತೂ ನಂಬಲೇಬ್ಯಾಡ್ರಿ. ಒಮ್ಮಿ ಕೈಯಾರೆ ಹೂಡಿ ನೋಡ್ರಿ."

ಅವನು ಚೀಲ ಇಳಿಸಿದ. ಚಂದದ ಎತ್ತನ್ನು ಬಿಚ್ಚಿ ಚಕ್ಕಡಿಯ ಹತ್ತಿರ ತಂದ. ಅದು ನೊಗ ನೋಡಿತು, ಕತ್ತು ಕೊಡಲಿಲ್ಲ. ಚಪ್ಪರಿಸಿದ, ಗದರಿಸಿದ, ಬಾಲ ಹಿಂಡಿದ. ಹಿಂದಕ್ಕೆ ತಿರುಗಿ ಗೂಟದ ಕಡೆಗೇ ನೋಡುತ್ತಿತ್ತು. ಮಾವ ಕುಂಟುತ್ತ ಹೋಗಿ ಇನ್ನೊಂದನ್ನು ಬಿಚ್ಚಿದ. ಅದು ತಾನೇ ನಡೆದು ಬಂದು ಬಲಗಡೆ ನೊಗದ ಕೆಳಗೆ ಕತ್ತಿಟ್ಟು ನಿಂತಿತು. ಆಮೇಲೆ ಮದುಮಗನೂ ಬಂದ.

ಮುದ್ದೇಬಿಹಾಳದವನು ಚಕ್ಕಡಿ ಏರಿ ಹಳ್ಳದ ತನಕ ಹೊಡೆದುಕೊಂಡು ಹೋಗಿ ಬಂದ. ನಾನು ಹೊಗಳಿಕೆಯ ನಾಲ್ಕು ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಅವನ ಮುಖ ನೋಡಿ ನುಂಗಿದೆ. ಅವನು ಇಳಿದು, ಮುರಿದ ಕೋಡಿನ ಬುಡವನ್ನು ಕೆರೆದ.

"ಏರಿನ್ಯಾಗ ಎಳದದ್ದು ಇದ," ಅಂದ. "ಫೋಟೊದಾಗ ಇದನ್ನ ತಗದು ಅದನ್ನ ಇಟ್ಟಾರ ನೋಡು."

ಟವೆಲ್ ಬಂತು. ಕೆಳಗೆ ಅವನ ಕೈ, ನನ್ನ ಕೈ. ಬೆರಳು ಹಿಡಿದೆವು, ಬಿಟ್ಟೆವು, ನಾನು ಮುಖ ಸಿಂಡರಿಸಿದೆ, ಅವನು ಆಕಾಶ ನೋಡಿದ. ಇನ್ನೇನು ಕುದುರಿತು ಅನ್ನುವಾಗ ಅವನು ನನ್ನ ಒಂದು ಬೆರಳನ್ನು ಮಡಚಿ ಅಷ್ಟು ದರ ಇಳಿಸಿಬಿಟ್ಟ.

"ಇದು ಯಾಕ್ರಿ?"

"ಫೋಟೊದ್ದು."

ಮಡಚಿದ ಬೆರಳನ್ನು ಮಾವನಿಗೆ ತೋರಿಸಿದೆ. ಮಾವ ಆಗಲಿ ಎಂದು ತಲೆ ಆಡಿಸಿದ. "ಬೆರಳು ಹೋತು, ಕೈ ಉಳೀತು," ಅಂದಳು ಅತ್ತೆ.

ಇಂಡಿಯಿಂದ ಗಾಡಿ ಕರೆಸಿದ್ದಾಯಿತು. ಅದು ಬರುವಷ್ಟರಲ್ಲಿ ಮುದ್ದೇಬಿಹಾಳದವನು ಸ್ವಲ್ಪ ಸಂಕೋಚದಲ್ಲೇ ಹೇಳಿದ, "ಮನ್ಯಾಗ ನಮ್ಮಾಕಿ ಆ ಫೋಟೊನ ಓಣಿಗೆಲ್ಲಾ ತೋರಿಸ್ಯಾಳ್ರಿ. ಎತ್ತು ಇಳಿಸಿದಮ್ಯಾಲ ಗದ್ದಲ ಆಗೂದು ಬ್ಯಾಡ. ಇದ್ದದ್ದು ಇದ್ದಂಗ ಒಂದು ತಗೀರಿ."

ಈ ಸಲ ಮುರಿದ ಕೋಡನ್ನು ಕ್ಯಾಮೆರಾದ ಮುಂದೆಯೇ ತಂದೆ. ಮಧ್ಯಾಹ್ನದ ಬಿಸಿಲು, ಹಿಂದೆ ತಿಪ್ಪೆ, ಪಕ್ಕಕ್ಕೆ ಮಾವ. ಅತ್ತೆಯೂ ಸೆರಗು ಸರಿ ಮಾಡಿಕೊಂಡು ಬಂದು ನಿಂತು, "ಎತ್ತಿಗೇನೂ ಮಾಡಬ್ಯಾಡ, ನನ್ನ ಮಾರಿ ಅಷ್ಟು ಬೆಳ್ಳಗ ಮಾಡು," ಅಂದಳು. ಮಾಡಲಿಲ್ಲ. ಅದಕ್ಕೆ ಇಂದಿಗೂ ಸಿಟ್ಟಿದೆ.

ಫೋಟೊ ಅವನ ಮನೆಗೆ ಹೋಯಿತು. ಐದು ನಿಮಿಷದಲ್ಲಿ ಅವನ ಫೋನು ಬಡಿಯಿತು. ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟ. ಹೆಣ್ಣುಮಗಳ ದನಿ ಬೈಗುಳಕ್ಕೆ ಸಜ್ಜಾದಂತಿತ್ತು, ಆದರೆ ಬಂದದ್ದು ಬೇರೆ ಮಾತು: "ಕೋಡು ಮುರದದ್ದನ್ನ ಯಾವ ಕಡಿ ಹೂಡ್ತಾರ, ಕೇಳ್ರಿ. ಗೂಟ ಹಂಗ ಬಡಸ್ತೇನಿ."

ಮಾವ ಕೈ ಚಾಚಿ ಫೋನು ಇಸಕೊಂಡ. "ಬಲಕ್ಕ, ತಂಗೀ," ಅಂದ. "ನೀರು ಅದಕ್ಕ ಮೊದಲ ತೋರಸಬೇಕು. ಅದು ಕುಡಿಯೂತನಕ ಇನ್ನೊಂದು ಮುಟ್ಟೂದಿಲ್ಲ. ಮತ್ತ ಕೇಳು, ಮುಂಜಾನೆ ಹಿಂಡಿ ಹಾಕುವಾಗ..."

ಗಾಡಿಯವನು ಬಂದು ಎರಡು ಸಲ ಹಾರ್ನ್ ಹೊಡೆದ. ಮುದ್ದೇಬಿಹಾಳದವನು ಅವನಿಗೆ ಸುಮ್ಮನಿರು ಎಂದು ಕೈ ಮಾಡಿ, ಕಟ್ಟೆಯ ಮೇಲೆ ನನ್ನ ಪಕ್ಕಕ್ಕೆ ಕೂತ.